ದಾಸವಾಳದ ಕೇಸರಕ್ಕೆ ಫೋಕಸ್ ನಿಲ್ಲುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ (ತೀರ್ಥಹಳ್ಳಿ):
ಮಳೆ ಬಿಡದ ಕಾರಣ ತೋಟಕ್ಕೆ ಕ್ಯಾಮೆರಾ ಒಯ್ಯಲಾಗದೆ, ಜಗಲಿಯಲ್ಲೇ ಕುಳಿತು 50 ಎಂಎಂ ಲೆನ್ಸ್‌ನಲ್ಲಿ ದಾಸವಾಳದ ಚಿತ್ರ ತೆಗೆಯುತ್ತಿದ್ದೇನೆ. ಹಿನ್ನೆಲೆ ಮಸುಕಾಗಲೆಂದು ಅಪರ್ಚರನ್ನು (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯನ್ನು) ಎಫ್/1.8ರಲ್ಲಿ, ಅಂದರೆ ತುಂಬ ಅಗಲವಾಗಿ ಇಟ್ಟರೆ, ಕೇಸರದ ತುದಿ ಒಮ್ಮೆ ಸ್ಫುಟವಾಗಿ ಬಂದರೆ ನಾಲ್ಕು ಸಲ ಬರುವುದಿಲ್ಲ. ದೋಷ ಲೆನ್ಸಿನದೇ?

ಉತ್ತರ 1 (ಸಾಗರ):
ಲೆನ್ಸಿನ ದೋಷವಲ್ಲ. ಸುಮಾರು 45 ಸೆಂಟಿಮೀಟರ್ ದೂರದಿಂದ ಎಫ್/1.8ರಲ್ಲಿ ತೆಗೆದಾಗ ಸ್ಫುಟವಾಗಿ ಕಾಣುವ ಆಳ ಕೆಲವೇ ಮಿಲಿಮೀಟರ್ ಇರುತ್ತದೆ. ನೀವು ಉಸಿರೆಳೆದಾಗ ಆಗುವ ಅಲುಗಾಟವೇ ಅದನ್ನು ದಾಟಿಬಿಡುತ್ತದೆ. ಹೂವನ್ನು ಸ್ವಲ್ಪ ದಿನ ಬಿಟ್ಟು, ಏಳೆಂಟು ಅಡಿಕೆಗಳನ್ನು ಮೇಜಿನ ಮೇಲೆ ಓರೆಯಾಗಿ ಸಾಲಿಟ್ಟು, ಮೂರನೆಯದರ ಮೇಲೆ ಕೈಯಾರೆ ಫೋಕಸ್ ಮಾಡಿ, ಎಫ್/1.8, 4, 8 ಹೀಗೆ ಒಂದೊಂದು ಚಿತ್ರ ತೆಗೆದು ಹೋಲಿಸಿ ನೋಡಿ. ಎಷ್ಟು ಅಡಿಕೆಗಳ ಸಿಪ್ಪೆಯ ನಾರು ಎಣಿಸುವಂತೆ ಕಾಣುತ್ತದೆಯೋ ಅಷ್ಟೇ ನಿಮ್ಮ ಆಳ. ಟ್ರೈಪಾಡ್ ಇಲ್ಲದಿದ್ದರೆ ಅಕ್ಕಿ ತುಂಬಿದ ಚೀಲವೂ ಸಾಕು.

ಉತ್ತರ 2 (ಹೊಸನಗರ):
ಹಿನ್ನೆಲೆ ಮಸುಕಾಗಲು ಎಫ್/1.8 ಕಡ್ಡಾಯವೇನಲ್ಲ ಎಂಬುದನ್ನೂ ಸೇರಿಸುತ್ತೇನೆ. ಹೂವನ್ನು ಗೋಡೆಯಿಂದ ಐದಾರು ಅಡಿ ಮುಂದಕ್ಕೆ ತಂದಿಟ್ಟರೆ ಕಿಂಡಿ ಕಿರಿದಾಗಿ ಸ್ಫುಟತೆಯ ಆಳ ಹೆಚ್ಚುವ ಎಫ್/4ರಲ್ಲೂ ಗೋಡೆ ಕರಗಿಹೋಗುತ್ತದೆ, ಕೇಸರವೂ ಉಳಿಯುತ್ತದೆ. ಕೇಸರದ ಉದ್ದಕ್ಕೂ ಸ್ಫುಟತೆ ಬೇಕಿದ್ದರೆ ಅದು ಸೆನ್ಸರಿಗೆ (ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಫಲಕಕ್ಕೆ) ಸಮಾನಾಂತರವಾಗಿರುವಂತೆ ಪಕ್ಕದಿಂದ ತೆಗೆಯಿರಿ.

ಪ್ರಶ್ನೆ ಕೇಳಿದವರು:
ಅಡಿಕೆಯ ಪ್ರಯೋಗ ಮಾಡಿದೆ. ಎಫ್/1.8ರಲ್ಲಿ ಒಂದು ಅಡಿಕೆಯೂ ಪೂರ್ತಿ ಸ್ಫುಟವಾಗಿಲ್ಲ! ನಾಳೆ ಹೂವನ್ನು ಪಕ್ಕದಿಂದ ತೆಗೆದು ನೋಡುತ್ತೇನೆ.