ಹದಿನಾರು ಯಂತ್ರ ಒಬ್ಬರೇ ಡೀಲರ್ ಕೈಯಲ್ಲಿ: ಪಲ್ಪರ್ ಮಾರಾಟ ಹೆಚ್ಚಿಸುವುದು ಹೇಗೆ?

ಕುಶಾಲನಗರದ ವರ್ಕ್‌ಶಾಪ್:
ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ಐದು ಜನರ ವರ್ಕ್‌ಶಾಪ್. ಸಣ್ಣ ಬೆಳೆಗಾರರಿಗೆ ಕಾಫಿ ಪಲ್ಪರ್ (ಹಣ್ಣಿನ ಸಿಪ್ಪೆ ತೆಗೆದು ಬೀಜ ಬೇರ್ಪಡಿಸುವ ಯಂತ್ರ), ಕರಿಮೆಣಸು ಬಿಡಿಸುವ ಯಂತ್ರ ಮಾಡುತ್ತೇವೆ. ಕಳೆದ ಸಾಲಿನಲ್ಲಿ 22 ಪಲ್ಪರ್ ಹೋದವು, ಅದರಲ್ಲಿ 16 ಒಬ್ಬರೇ ಡೀಲರ್ ಮೂಲಕ. ನವೆಂಬರ್-ಡಿಸೆಂಬರಿನ ಹುತ್ತರಿ ಹಬ್ಬಕ್ಕೆ ಮೊದಲು ಡೀಲರ್ ಒಯ್ದ ಯಂತ್ರದ ಹಣ ಯುಗಾದಿ ಕಳೆದ ಮೇಲೆ ಬಂತು. ಅಷ್ಟರಲ್ಲಿ ತಗಡು, ಬೇರಿಂಗ್ ಅಂಗಡಿಯ ಬಾಕಿ ತೀರಿಸಲು ಮನೆಯವರ ಬಳೆ ಅಡವಿಟ್ಟಿದ್ದೆ. ಕರಪತ್ರ ಹಂಚಿದೆ, ಒಂದು ಕರೆಯೂ ಬರಲಿಲ್ಲ. ಈಗ ಮಳೆಗಾಲ. ಹುಡುಗರಿಗೆ ಕೆಲಸವಿಲ್ಲ, ಅವರನ್ನು ಕಳುಹಿಸಲು ಮನಸ್ಸೂ ಇಲ್ಲ. ದಾರಿ ಬಲ್ಲವರು ಹೇಳಿ.

ಸೋಮವಾರಪೇಟೆಯ ಬೆಳೆಗಾರ:
ನನಗೆ ಮೂರು ಎಕರೆ ಅರೇಬಿಕಾ ಇದೆ. ಕೊಯ್ದ ಹಣ್ಣನ್ನು ಅಂದೇ ಪಲ್ಪ್ ಮಾಡದಿದ್ದರೆ ಹುಳಿ ಹಿಡಿಯುತ್ತದೆ. ಕಳೆದ ಡಿಸೆಂಬರಿನಲ್ಲಿ ಸಂಜೆ ಆರಕ್ಕೆ ನನ್ನ ಪಲ್ಪರಿನ ಬೆಲ್ಟ್ ತುಂಡಾಯಿತು. ಎರಡು ದಿನ ಯಾರೂ ಬರಲಿಲ್ಲ. ಸಿಪ್ಪೆ ತೆಗೆದು ಪಾರ್ಚ್‌ಮೆಂಟ್ ಕಾಫಿ ಆಗಬೇಕಿದ್ದ ಒಂಬತ್ತು ಚೀಲ ಹಣ್ಣನ್ನು ಕಣದಲ್ಲಿ ಸಿಪ್ಪೆ ಸಮೇತ ಚೆರ್ರಿಯಾಗಿಯೇ ಒಣಗಿಸಿದೆ. ಅಣ್ಣಾ, ನಾನು ಕೇಳುವುದು ರಿಯಾಯಿತಿಯನ್ನಲ್ಲ, ಆ ರಾತ್ರಿಯೇ ಸಿಗುವ ಬೆಲ್ಟನ್ನು. ಸೋಮವಾರಪೇಟೆ, ನಾಪೋಕ್ಲು, ಗೋಣಿಕೊಪ್ಪದಲ್ಲಿ ಒಬ್ಬೊಬ್ಬ ಮೆಕ್ಯಾನಿಕ್ ಬಳಿ ಬಿಡಿಭಾಗ ಇಟ್ಟು, ಅವರ ಮೊಬೈಲ್ ಸಂಖ್ಯೆಯನ್ನು ಯಂತ್ರದ ಮೇಲೆಯೇ ಬರೆಯಿರಿ.

ಮಳೆಗಾಲದಲ್ಲಿ ನಮ್ಮ ಪಲ್ಪರ್‌ಗಳು ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತಿರುತ್ತವೆ. ಯಾರು ಮಾಡಿದ ಯಂತ್ರವಾದರೂ ಸರಿ, ನಿಮ್ಮ ಹುಡುಗರು ದುರಸ್ತಿಗೆ ಬರಲಿ. ಯಾರ ಯಂತ್ರ ಇನ್ನೊಂದು ಸಾಲು ತಾಳುವುದಿಲ್ಲ ಎಂಬುದು ಆಗ ನಿಮಗೇ ಗೊತ್ತಾಗುತ್ತದೆ. ಕೊಯ್ಲಿನಲ್ಲಿ ಅವರ ಕಣಕ್ಕೇ ಪಲ್ಪರ್ ತಂದು, ಅವರ ಹಣ್ಣನ್ನೇ ಹಾಕಿ ತೋರಿಸಿ. ಬೀಜ ಗಾಯವಾಗದೆ ಹೊರಬಂದರೆ ಅಕ್ಕಪಕ್ಕದವರೂ ನೋಡುತ್ತಾರೆ.

ಮೈಸೂರಿನ ಲೆಕ್ಕಪರಿಶೋಧಕಿ:
ಸರ್, ಸಣ್ಣ ಉದ್ಯಮಗಳಿಗಿರುವ ಸರ್ಕಾರದ ‘ಉದ್ಯಮ್’ ನೋಂದಣಿ ಆಗಿದೆಯೇ? 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮ) ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದವಿದ್ದರೂ ಖರೀದಿದಾರರು ಹಣ ಕೊಡಲು 45 ದಿನ ಮೀರಿಸುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ಉದ್ಯಮ್ ಸಂಖ್ಯೆಯನ್ನೂ ಪಾವತಿಯ ಕೊನೆಯ ದಿನಾಂಕವನ್ನೂ ಬಿಲ್ಲಿನಲ್ಲಿ ಮುದ್ರಿಸಿ. ದೂರು ಕೊಡಲು ಅವಸರ ಮಾಡಬೇಡಿ. ಮಾರಾಟದ ಸುಮಾರು ಮುಕ್ಕಾಲು ಪಾಲು ಆ ಡೀಲರ್ ಕೈಯಲ್ಲಿರುವಾಗ ನಿಮಗೇ ಪೆಟ್ಟು. ಮೊದಲು ನೇರ ಮಾರಾಟ ಬೆಳೆಯಲಿ.

ಕುಶಾಲನಗರದ ವರ್ಕ್‌ಶಾಪ್:
ನೋಂದಣಿ ಇದೆ ಮೇಡಂ, ಬಿಲ್ಲಿನಲ್ಲಿ ಹಾಕಿರಲಿಲ್ಲ. ಈ ವಾರವೇ ಹೊಸ ಬಿಲ್ ಪುಸ್ತಕ ಮಾಡಿಸುತ್ತೇನೆ. ಸೋಮವಾರಪೇಟೆಯವರೇ, ನಿಮ್ಮ ಬೆಲ್ಟಿನ ಅಳತೆ ಕಳುಹಿಸಿ. ಸೆಪ್ಟೆಂಬರಿನ ಕೈಲ್ ಮುಹೂರ್ತ ಹಬ್ಬಕ್ಕೆ ಮೊದಲು ಇಬ್ಬರು ಹುಡುಗರೊಂದಿಗೆ ನಾನೇ ಬರುತ್ತೇನೆ. ನಿಮ್ಮ ಊರಿನಲ್ಲಿ ಇನ್ನೆಷ್ಟು ಹಳೆಯ ಪಲ್ಪರ್ ಇರಬಹುದು?