ಆಲೆಮನೆ ಕಡೆ ಮೊಬೈಲಿಗೆ ಐಪಿ ಬರುತ್ತೆ, ಲ್ಯಾಪ್‌ಟಾಪಿಗೆ ಬರಲ್ಲ: ವೈರ್‌ಲೆಸ್ ಬ್ರಿಡ್ಜ್ ಪ್ರಶ್ನೋತ್ತರ

ಪ್ರಶ್ನೆ (ಪಾಂಡವಪುರ ಕಡೆಯವರು)

ನಮಸ್ಕಾರ ಸಾರ್. ಮನೆಯಲ್ಲಿ ಫೈಬರ್ ಕನೆಕ್ಷನ್ ಇದೆ. ಮನೆಯಿಂದ ಆಲೆಮನೆಗೆ ಸುಮಾರು 400 ಮೀಟರ್, ನಡುವೆ ಪೂರ್ತಿ ಕಬ್ಬಿನ ಗದ್ದೆ. ಎರಡೂ ಕಡೆ 5 ಗಿಗಾಹರ್ಟ್ಸ್ ಔಟ್‌ಡೋರ್ ಸಿಪಿಇ (ಹೊರಗೆ ಕಂಬಕ್ಕೆ ಹಾಕೋ ವೈಫೈ ರೇಡಿಯೋ ಪೆಟ್ಟಿಗೆ) ಹಾಕಿ ಬ್ರಿಡ್ಜ್, ಅಂದರೆ ಎರಡೂ ಕಡೆಯನ್ನ ಒಂದೇ ನೆಟ್‌ವರ್ಕ್ ಮಾಡೋ ಕೊಂಡಿ, ಮಾಡಿಸಿದ್ದೆವು, ಎರಡು ವರ್ಷ ಚೆನ್ನಾಗಿ ನಡೀತು. ಸಿಡಿಲಿಗೆ ಮನೆ ಕಡೆಯ ಸಿಪಿಇ ಹೋಯ್ತು. ಅದೇ ಕಂಪನಿಯದು ಸಿಗಲಿಲ್ಲ ಅಂತ ಬೇರೆ ಕಂಪನಿಯದು ಹಾಕಿ ಹೋಗಿದ್ದಾರೆ. ಮನೆ ಕಡೆ ಆಕ್ಸೆಸ್ ಪಾಯಿಂಟ್, ಆಲೆಮನೆ ಕಡೆ ಕ್ಲೈಂಟ್. ಲಿಂಕ್ ಕೂಡುತ್ತೆ, ಲೈಟೂ ಹಸಿರು. ಆದರೆ ಆಲೆಮನೆಯಲ್ಲಿ ಮೊಬೈಲಿಗೆ ನೆಟ್ ಬರುತ್ತೆ, ತೂಕದ ಲೆಕ್ಕದ ಲ್ಯಾಪ್‌ಟಾಪಿಗೂ ಕ್ಯಾಮೆರಾದ ಎನ್‌ವಿಆರ್‌ಗೂ (ರೆಕಾರ್ಡಿಂಗ್ ಪೆಟ್ಟಿಗೆ) ಬರಲ್ಲ. ಲ್ಯಾಪ್‌ಟಾಪಿನಲ್ಲಿ ಐಪಿ 169.254.83.12 ಅಂತ ತೋರಿಸುತ್ತೆ. ಎರಡು ಸಲ ರೀಸೆಟ್ ಮಾಡಿ ಆಯ್ತು. ಏನು ಮಾಡೋದು?

ಉತ್ತರ (ನೆಟ್‌ವರ್ಕ್ ತಂತ್ರಜ್ಞರು, ಮೈಸೂರು)

ಇನ್ನು ರೀಸೆಟ್ ಮಾಡಬೇಡಿ ಸಾರ್. ಮಾಡಿದಷ್ಟೂ ಇರೋ ಸುಳಿವೂ ಅಳಿಸಿಹೋಗುತ್ತೆ.

169.254 ಅಂತ ಶುರುವಾಗುವ ಐಪಿಯನ್ನು ಯಾರೂ ಕೊಟ್ಟಿದ್ದಲ್ಲ. "ಕೇಳಿದೆ, ಯಾರೂ ಕೊಡಲಿಲ್ಲ" ಅಂತ ಲ್ಯಾಪ್‌ಟಾಪ್ ತಾನೇ ಹಾಕಿಕೊಂಡಿದ್ದು. ರೂಟರಿನಿಂದ (ಇಲ್ಲಿ ನಿಮ್ಮ ಫೈಬರ್ ಬಾಕ್ಸು) ತಾನಾಗಿ ಐಪಿ ಪಡೆಯೋ ಪದ್ಧತಿಗೆ ಡಿಎಚ್‌ಸಿಪಿ ಅಂತಾರೆ. ಅದು ನಾಲ್ಕು ಮಾತಿನ ವ್ಯವಹಾರ: ಡಿಸ್ಕವರ್, ಆಫರ್, ರಿಕ್ವೆಸ್ಟ್, ಆಕ್. ಮೊದಲ ಮಾತು ಮನೆಗೇ ಮುಟ್ಟಲಿಲ್ಲವೋ, ಎರಡನೆಯ ಮಾತು ವಾಪಸ್ ಬರಲಿಲ್ಲವೋ ಅನ್ನೋದನ್ನ ಮೊದಲು ಪತ್ತೆ ಮಾಡೋಣ.

ಲ್ಯಾಪ್‌ಟಾಪಿಗೆ ಕೈಯಾರೆ ಐಪಿ ಕೊಡಿ: 192.168.1.240, ಮಾಸ್ಕ್ 255.255.255.0, ಗೇಟ್‌ವೇ 192.168.1.1. ನಿಮ್ಮ ಫೈಬರ್ ಬಾಕ್ಸಿನ ಐಪಿ ಬೇರೆ ಇದ್ದರೆ ಅದಕ್ಕೆ ತಕ್ಕಂತೆ ಬದಲಿಸಿ. ಆಮೇಲೆ ಗೇಟ್‌ವೇಗೆ, ಅಂದರೆ ಫೈಬರ್ ಬಾಕ್ಸಿಗೆ, ಪಿಂಗ್ ಮಾಡಿ (ಉತ್ತರ ಬರುತ್ತಾ ಅಂತ ಕೂಗಿ ನೋಡೋದು). ಅದೇ ಹೊತ್ತಿಗೆ ಮನೆ ಕಡೆ ಇರುವ ಕಂಪ್ಯೂಟರಿನಿಂದ ಆಲೆಮನೆಯ ಲ್ಯಾಪ್‌ಟಾಪಿಗೂ ಮೊಬೈಲಿಗೂ ಒಂದೊಂದು ಪಿಂಗ್ ಹೊಡೆದು, ಕಮಾಂಡ್ ಪರದೆಯಲ್ಲಿ "ಆರ್ಪ್ -ಎ" (arp -a) ಕೊಡಿ. ಆ ಎರಡು ಐಪಿಗಳ ಎದುರು ಬರುವ ಮ್ಯಾಕ್ ವಿಳಾಸ (ಸಾಧನದ ಹಾರ್ಡ್‌ವೇರ್ ನಂಬರು) ಬರೆದುಕೊಳ್ಳಿ. ಜೊತೆಗೆ ಆಲೆಮನೆ ಸಿಪಿಇ ಪುಟದಲ್ಲಿ ಸಿಗ್ನಲ್ ಎಷ್ಟಿದೆ ಅಂತಲೂ ಹೇಳಿ.

ಮತ್ತೊಬ್ಬ ಸದಸ್ಯರು (ಮಂಡ್ಯ)

ಅಣ್ಣ, ಆಲೆಮನೆ ಒಳಗೆ ವೈಫೈಗೆ ಅಂತ ಇನ್ನೊಂದು ರೂಟರ್ ಇಟ್ಟಿರ್ತಾರಲ್ಲ, ಅದರ ಡಿಎಚ್‌ಸಿಪಿ ಆನ್ ಇದ್ದರೂ ಹೀಗೆ ಆಗಲ್ವಾ?

ಉತ್ತರ

ಎರಡು ಡಿಎಚ್‌ಸಿಪಿ ಇದ್ದರೆ ತಪ್ಪು ಐಪಿ ಬರುತ್ತೆ, ಐಪಿಯೇ ಬರದೆ ಇರಲ್ಲ. 169.254 ಕಂಡಿತು ಅಂದರೆ ಆ ಹೊತ್ತಿಗೆ ಒಂದು ಸರ್ವರಿನ ಉತ್ತರವೂ ಕೈ ಸೇರಿಲ್ಲ. ಆದರೂ ನೋಡಿಬಿಡೋದು ಒಳ್ಳೆಯದು. ಮೊಬೈಲಿನಲ್ಲಿ ಗೇಟ್‌ವೇ 192.168.1.1 ಅಂತಲೇ ಬಂದಿದ್ದರೆ ಆ ಅನುಮಾನ ಬಿಡಿ.

ಪ್ರಶ್ನೆ ಕೇಳಿದವರು

ಮಾಡಿದೆ ಸಾರ್. ಕೈಯಾರೆ ಐಪಿ ಕೊಟ್ಟರೆ ಪಿಂಗ್ ನಾಲ್ಕಕ್ಕೆ ನಾಲ್ಕೂ ಬಂತು, ಇಂಟರ್ನೆಟ್ಟೂ ಬಂತು! ಮೊಬೈಲಿನ ಗೇಟ್‌ವೇ 192.168.1.1. ಸಿಗ್ನಲ್ ಮೈನಸ್ 71. ಒಂದು ವಿಚಿತ್ರ: ಆರ್ಪ್ ಪಟ್ಟಿಯಲ್ಲಿ ಮೊಬೈಲಿಗೂ ಲ್ಯಾಪ್‌ಟಾಪಿಗೂ ಒಂದೇ ಮ್ಯಾಕ್ ತೋರಿಸ್ತಾ ಇದೆ. ಅದು ಎರಡರದ್ದೂ ಅಲ್ಲ, ಆಲೆಮನೆ ಸಿಪಿಇ ಹಿಂದೆ ಅಂಟಿಸಿರೋ ನಂಬರು.

ಉತ್ತರ

ರೋಗ ಅಲ್ಲೇ ಇದೆ.

ಮಾಮೂಲಿ ವೈಫೈ ಕ್ಲೈಂಟ್ ಕಳಿಸುವ ಫ್ರೇಮಿನಲ್ಲಿ ಮೂರೇ ವಿಳಾಸಕ್ಕೆ ಜಾಗ: ಆಕ್ಸೆಸ್ ಪಾಯಿಂಟಿನದು, ಕ್ಲೈಂಟಿನದು, ಕೊನೆಗೆ ತಲುಪಬೇಕಾದವರದು. ಕ್ಲೈಂಟಿನ ಬೆನ್ನ ಹಿಂದೆ ಇರುವ ಲ್ಯಾಪ್‌ಟಾಪಿನ ಹೆಸರು ಬರೆಯಲು ನಾಲ್ಕನೆಯ ಖಾನೆ ಬೇಕು. ಅದನ್ನು ಕೊಡುವುದೇ ಡಬ್ಲ್ಯುಡಿಎಸ್ ಮೋಡ್. ಮೊದಲು ಎರಡೂ ಒಂದೇ ಕಂಪನಿಯದಾಗಿದ್ದಾಗ ಅದು ಆನ್ ಇತ್ತು, ಹಾಗಾಗಿ ನಡೀತು. ನಾಲ್ಕು ವಿಳಾಸದ ಫ್ರೇಮು ಹೇಗಿರಬೇಕು ಅಂತ 802.11 ಮಾನದಂಡದಲ್ಲಿ ಇದೆ. ಎರಡು ಯಂತ್ರ ಅದಕ್ಕೆ ಹೇಗೆ ಒಪ್ಪಂದ ಮಾಡಿಕೊಳ್ಳಬೇಕು ಅಂತ ಇಲ್ಲ. ಒಬ್ಬೊಬ್ಬ ತಯಾರಕರದು ಒಂದೊಂದು ಪದ್ಧತಿ. ಕಂಪನಿ ಬೇರೆಯಾದ ಮೇಲೆ ಡಬ್ಲ್ಯುಡಿಎಸ್ ಕೂಡಲಿಲ್ಲ, ಹಾಕಿದವರು ಅದನ್ನು ತೆಗೆದು ಬರೀ ಕ್ಲೈಂಟ್ ಮೋಡಿಗೆ ಇಟ್ಟಿದ್ದಾರೆ.

ಈಗ ಆಲೆಮನೆ ಸಿಪಿಇ ಎಲ್ಲರ ಮ್ಯಾಕ್ ಅಳಿಸಿ ತನ್ನ ಮ್ಯಾಕ್ ಹಾಕಿ ಕಳಿಸ್ತಾ ಇದೆ. ಮಾಮೂಲಿ ಮಾತುಕತೆಗೆ ಇದು ಸಾಕು. ಯಾವ ಐಪಿ ಯಾರದು ಅಂತ ಅದು ಪಟ್ಟಿ ಇಟ್ಟುಕೊಂಡು, ಬಂದ ಉತ್ತರವನ್ನು ಹಂಚುತ್ತೆ. ಕೈಯಾರೆ ಐಪಿ ಕೊಟ್ಟಾಗ ಎಲ್ಲ ಸರಿಹೋಗಿದ್ದು ಅದಕ್ಕೇ. ಎಡವೋದು ಡಿಎಚ್‌ಸಿಪಿಯಲ್ಲಿ, ಯಾಕಂದರೆ ಆ ಕೇಳಿಕೆಯ ಒಳಗೆ ಲ್ಯಾಪ್‌ಟಾಪ್ ತನ್ನ ನಿಜವಾದ ಮ್ಯಾಕನ್ನು ಇನ್ನೊಂದು ಸಲ ಬರೆದಿರುತ್ತೆ. ವಠಾರದಿಂದ ಹೋದ ಕಾಗದ ಅಂದ್ಕೊಳ್ಳಿ: ಲಕೋಟೆ ಮೇಲೆ ವಠಾರದ ವಿಳಾಸ, ಕಾಗದದ ಒಳಗೆ ಬಾಡಿಗೆಯವರ ಹೆಸರು. ಫೈಬರ್ ಬಾಕ್ಸು ಒಳಗಿನ ಹೆಸರನ್ನೇ ಲಕೋಟೆ ಮೇಲೆ ಬರೆದು ಆಫರ್ ಕಳಿಸುತ್ತೆ. ಮನೆ ಮೇಲಿನ ಸಿಪಿಇ ತನ್ನ ಪಟ್ಟಿ ನೋಡುತ್ತೆ, ಆ ಮ್ಯಾಕಿನವರು ಯಾರೂ ತನಗೆ ಕನೆಕ್ಟ್ ಆಗಿಲ್ಲ, ಅಲ್ಲೇ ಬಿಸಾಕುತ್ತೆ.

ಹಾಗಾದರೆ ಮೊಬೈಲಿಗೆ ಹೇಗೆ ಬಂತು? ಡಿಎಚ್‌ಸಿಪಿ ಕೇಳಿಕೆಯಲ್ಲಿ ಬ್ರಾಡ್‌ಕಾಸ್ಟ್ ಫ್ಲ್ಯಾಗ್ ಅಂತ ಒಂದು ಬಿಟ್ ಇದೆ. ಅದನ್ನು 1 ಮಾಡಿ ಕೇಳಿದರೆ ಸರ್ವರ್ ಉತ್ತರವನ್ನು ಊರಿಗೆಲ್ಲ ಕೂಗಿ ಹೇಳುತ್ತೆ, ಆಗ ಸಿಪಿಇ ತಡೆಯಲ್ಲ. ಕೆಲವು ಸಾಧನ ಹಾಗೆ ಕೇಳುತ್ತವೆ, ಕೆಲವು ಕೇಳಲ್ಲ. "ಕೆಲವರಿಗೆ ಬರುತ್ತೆ, ಕೆಲವರಿಗೆ ಬರಲ್ಲ" ಅನ್ನೋ ದೂರು ಬ್ರಿಡ್ಜಿನಲ್ಲಿ ಬಂದರೆ ನಾನು ಮೊದಲು ನೋಡೋದೇ ಈ ಜಾಗ. ಕಣ್ಣಾರೆ ನೋಡಬೇಕಿದ್ದರೆ ಮನೆ ಕಡೆ ಲ್ಯಾಪ್‌ಟಾಪಿನಲ್ಲಿ ವೈರ್‌ಶಾರ್ಕ್ (ನೆಟ್‌ವರ್ಕಿನ ಮಾತುಕತೆ ತೋರಿಸೋ ಪ್ರೋಗ್ರಾಂ) ಹಾಕಿ ಡಿಎಚ್‌ಸಿಪಿ ಅಂತ ಫಿಲ್ಟರ್ ಕೊಡಿ. ಡಿಸ್ಕವರ್ ಮೇಲೆ ಡಿಸ್ಕವರ್ ಬರ್ತಾ ಇರುತ್ತೆ, ರಿಕ್ವೆಸ್ಟ್ ಮಾತ್ರ ಬರಲ್ಲ.

ಪ್ರಶ್ನೆ ಕೇಳಿದವರು

ಅರ್ಥವಾಯ್ತು ಸಾರ್. ಈಗ ಎರಡೂ ಸಿಪಿಇ ಬದಲಾಯಿಸಲೇಬೇಕಾ? ಇರೋದರಲ್ಲೇ ಏನಾದರೂ ಆಗುತ್ತಾ?

ಉತ್ತರ

ಸರಿಯಾದ ದಾರಿ ಒಂದೇ ಕಂಪನಿಯ ಜೋಡಿ. ಆಲೆಮನೆಯ ಹಳೆಯದಕ್ಕೆ ಸರಿಹೊಂದುವ ಇನ್ನೊಂದು ಸಿಕ್ಕರೆ ಒಂದರ ಖರ್ಚಿನಲ್ಲೇ ಮುಗಿಯುತ್ತೆ. ಯುಬಿಕ್ವಿಟಿಯ ಹಳೆಯ ಏರ್‌ಓಎಸ್ ಇದ್ದರೆ ವೈರ್‌ಲೆಸ್ ಪುಟದಲ್ಲಿ ಡಬ್ಲ್ಯುಡಿಎಸ್ ಟಿಕ್ ಎರಡೂ ಕಡೆ ಹಾಕಬೇಕು. ಒಂದೇ ಕಡೆ ಹಾಕಿ ಬಿಡೋದು ಸಾಮಾನ್ಯ ತಪ್ಪು. ಮೈಕ್ರೋಟಿಕ್ ಜೋಡಿಯಾದರೆ ಸ್ಟೇಷನ್-ಬ್ರಿಡ್ಜ್ ಆರಿಸಿ, ಸ್ಟೇಷನ್-ಸ್ಯೂಡೋಬ್ರಿಡ್ಜ್ ಅಲ್ಲ. ಆ ಸ್ಯೂಡೋ ಅನ್ನೋದೇ ನಿಮ್ಮ ಈಗಿನ ರೋಗ. ಓಪನ್‌ವರ್ಟ್‌ನಲ್ಲಿ (ರೂಟರಿಗೆ ಹಾಕೋ ಮುಕ್ತ ತಂತ್ರಾಂಶ) ಒಂದು ಕಡೆ ಆಕ್ಸೆಸ್ ಪಾಯಿಂಟ್ ಡಬ್ಲ್ಯುಡಿಎಸ್, ಇನ್ನೊಂದು ಕಡೆ ಕ್ಲೈಂಟ್ ಡಬ್ಲ್ಯುಡಿಎಸ್.

ಈಗಿರೋ ಸಾಮಾನಿನಲ್ಲೇ ಆಗಬೇಕು ಅಂದರೆ ಆಲೆಮನೆ ಸಿಪಿಇಯನ್ನು ಬ್ರಿಡ್ಜ್‌ನಿಂದ ರೂಟರ್ ಮೋಡಿಗೆ ತನ್ನಿ. ಅದೇ ಅಲ್ಲಿನವರಿಗೆ 192.168.2 ಸಾಲಿನ ಐಪಿ ಹಂಚಲಿ. ಎರಡೂ ಕಡೆ 192.168.1 ಇಟ್ಟರೆ ದಾರಿ ಯಾವ ಕಡೆ ಅಂತ ಅದಕ್ಕೇ ಗೊತ್ತಾಗಲ್ಲ. ನೆಟ್ ಬರುತ್ತೆ, ಕ್ಯಾಮೆರಾವನ್ನು ಕಂಪನಿಯ ಮೊಬೈಲ್ ಆ್ಯಪ್‌ನಲ್ಲೂ ನೋಡಬಹುದು. ಆದರೆ ಮನೆಯ ಕಂಪ್ಯೂಟರಿನಿಂದ ನೇರವಾಗಿ ಎನ್‌ವಿಆರ್ ತೆರೆಯಬೇಕಿದ್ದರೆ ಆ ಸಿಪಿಇಯಲ್ಲಿ ಪೋರ್ಟ್ ಫಾರ್ವರ್ಡ್ (ಹೊರಗಿಂದ ಬಂದ ಕೇಳಿಕೆಯನ್ನು ಒಳಗಿನ ಎನ್‌ವಿಆರ್‌ಗೆ ದಾಟಿಸೋದು) ಮಾಡಲೇಬೇಕು.

ಇನ್ನೊಂದು ಉಪಾಯ: ಎಲ್ಲರಿಗೂ ಉತ್ತರವನ್ನು ಬ್ರಾಡ್‌ಕಾಸ್ಟ್ ಆಗಿಯೇ ಕೊಡು ಅಂತ ಸರ್ವರಿಗೆ ಹೇಳುವುದು. ಮೈಕ್ರೋಟಿಕ್ ಡಿಎಚ್‌ಸಿಪಿ ಸರ್ವರಿನಲ್ಲಿ ಆಲ್ವೇಸ್-ಬ್ರಾಡ್‌ಕಾಸ್ಟ್ ಅಂತ ಇದೆ, ಡಿಎನ್‌ಎಸ್‌ಮಾಸ್ಕ್‌ನಲ್ಲಿ (ಓಪನ್‌ವರ್ಟ್‌ನಂಥ ಕಡೆ ಐಪಿ ಹಂಚೋ ಪ್ರೋಗ್ರಾಂ) ಡಿಎಚ್‌ಸಿಪಿ-ಬ್ರಾಡ್‌ಕಾಸ್ಟ್. ಫೈಬರ್ ಬಾಕ್ಸುಗಳಲ್ಲಿ ಈ ಆಯ್ಕೆಯನ್ನು ನಂಬಿಕೊಂಡು ಕೂರಬೇಡಿ. ಮಾಡುವುದಾದರೆ ಬಾಕ್ಸಿನ ಡಿಎಚ್‌ಸಿಪಿ ಆಫ್ ಮಾಡಿ ಬೇರೆ ರೂಟರಿಗೆ ಆ ಕೆಲಸ ಒಪ್ಪಿಸಬೇಕು. ನನಗೆ ಇದು ಅಷ್ಟು ಇಷ್ಟವಿಲ್ಲ. ಮ್ಯಾಕ್ ಬದಲಿಸುವ ಆಟ ಐಪಿವಿ6ನಲ್ಲೂ ಕೈಕೊಡುತ್ತೆ.

ಇಷ್ಟವಿಲ್ಲದ್ದಕ್ಕೆ ನಿಮ್ಮ ಆ ಮೈನಸ್ 71 ಸಿಗ್ನಲ್ (ಸೊನ್ನೆಯಿಂದ ದೂರ ಹೋದಷ್ಟೂ ದುರ್ಬಲ) ಕೂಡ ಕಾರಣ. ಆಕ್ಸೆಸ್ ಪಾಯಿಂಟ್ ಯಾರಿಗಾದರೂ ನೇರವಾಗಿ ಕಳಿಸಿದ್ದು ಹಾಳಾದರೆ ಮತ್ತೆ ಕಳಿಸುತ್ತೆ. ಬ್ರಾಡ್‌ಕಾಸ್ಟಿಗೆ ಆ ರಶೀದಿ ಪದ್ಧತಿ ಇಲ್ಲ. ಒಂದು ಸಲ ಕೂಗುತ್ತೆ, ಕೇಳಿಸಿದವರಿಗೆ ಕೇಳಿಸ್ತು. ಆಲೆಮನೆಯ ಡಿಸ್ಕವರ್ ಮನೆ ಮುಟ್ಟುತ್ತೆ, ಕೂಗಿ ಹೇಳಿದ ಆಫರ್ ಗದ್ದೆಯಲ್ಲೇ ಕಳೆದುಹೋಗುತ್ತೆ. ಲಿಂಕ್ ಮೈನಸ್ 50ರಿಂದ 65ರೊಳಗೆ ಇದ್ದರೆ ನೆಮ್ಮದಿ.

ಈಗ ಕಬ್ಬು ಎಷ್ಟೆತ್ತರ ಇದೆ? ಕಂಬ ಎಷ್ಟೆತ್ತರ?

ಪ್ರಶ್ನೆ ಕೇಳಿದವರು

ಕಬ್ಬು 11-12 ಅಡಿ ಇದೆ, ಕಟಾವಿಗೆ ಬಂದಿದೆ. ಆಲೆಮನೆ ಕಡೆ ಪೈಪು 13 ಅಡಿ. ಮನೆ ಕಡೆ ಎರಡನೇ ಮಹಡಿ ಮೇಲಿದೆ.

ಉತ್ತರ

ಕಣ್ಣಿಗೆ ಎದುರಿನ ಸಿಪಿಇ ಕಂಡರೆ ಸಾಲದು. ರೇಡಿಯೋ ಅಲೆ ಗೆರೆ ಎಳೆದ ಹಾಗೆ ಹೋಗಲ್ಲ, ನಡುವೆ ಉಬ್ಬಿಕೊಂಡು ಹೋಗುತ್ತೆ. 400 ಮೀಟರಿಗೆ, 5.8 ಗಿಗಾಹರ್ಟ್ಸ್‌ನಲ್ಲಿ ಆ ಉಬ್ಬಿನ ತ್ರಿಜ್ಯ ಮಧ್ಯದಲ್ಲಿ ಸುಮಾರು 2.3 ಮೀಟರ್. ಅದರಲ್ಲಿ ನೂರಕ್ಕೆ 60 ಪಾಲು, ಅಂದರೆ ಹೆಚ್ಚುಕಡಿಮೆ ನಾಲ್ಕೂವರೆ ಅಡಿ, ಖಾಲಿ ಇರಬೇಕು. 12 ಅಡಿ ಕಬ್ಬು, ಮೇಲೆ ನಾಲ್ಕೂವರೆ ಅಡಿ: ಪೈಪು 17-18 ಅಡಿ ಮಾಡಿಸಿ. ನಾಟಿ ಮಾಡಿದಾಗ ಚೆನ್ನಾಗಿದ್ದ ಲಿಂಕು ಕಟಾವಿನ ಹೊತ್ತಿಗೆ ಸೊರಗೋದು ಇದಕ್ಕೇ. ಮಳೆ ಬಿದ್ದು ಗರಿ ನೆನೆದಾಗ ಇನ್ನೂ ಕಷ್ಟ.

ಮಧ್ಯೆ ಒಂದು ಪ್ರಶ್ನೆ (ಮೈಸೂರು, ಸರಸ್ವತಿಪುರಂ)

ಸಾರ್, ನಮ್ಮ ಪಿಜಿಯಲ್ಲೂ ಐಪಿ ತೊಂದರೆ. 34 ಹುಡುಗರು. ಎರಡನೇ ಮಹಡಿಯಲ್ಲಿ ಹಳೆಯ ರೂಟರ್ ಒಂದನ್ನ ಕೇಬಲ್ ಎಳೆದು ಹಾಕಿದ್ದೇವೆ. ಕೆಲವರಿಗೆ 192.168.0 ಸಾಲಿನ ಐಪಿ ಬಂದು ನೆಟ್ ಬರಲ್ಲ, ಆಫ್ ಆನ್ ಮಾಡಿದರೆ ಕೆಲವು ಸಲ ಸರಿಹೋಗುತ್ತೆ. ಕೆಳಗಿನ ಮುಖ್ಯ ರೂಟರ್ 192.168.1.1.

ಉತ್ತರ

ಮಂಡ್ಯದ ಸದಸ್ಯರು ಮೇಲೆ ಕೇಳಿದ್ದು ನಿಮಗೆ ಸರಿಯಾಗಿ ಕೂರುತ್ತೆ. ಹಳೆಯ ರೂಟರಿನ ಲ್ಯಾನ್ ಪೋರ್ಟಿಗೆ ಕೇಬಲ್ ಹಾಕಿ ಅದರ ಡಿಎಚ್‌ಸಿಪಿ ಆಫ್ ಮಾಡಿಲ್ಲ. ಇಬ್ಬರೂ ಐಪಿ ಹಂಚ್ತಾ ಇದ್ದಾರೆ, ಮೊದಲು ಉತ್ತರ ಕೊಟ್ಟವರದ್ದು ನಡೆಯುತ್ತೆ. ನೆಟ್ ಇಲ್ಲದವರ ಲ್ಯಾಪ್‌ಟಾಪಿನಲ್ಲಿ "ಐಪಿಕಾನ್ಫಿಗ್ /ಆಲ್" ಕೊಟ್ಟು ಡಿಎಚ್‌ಸಿಪಿ ಸರ್ವರ್ ಅನ್ನೋ ಸಾಲು ನೋಡಿ, 192.168.0.1 ಇದ್ದರೆ ಕಳ್ಳ ಸಿಕ್ಕ. ಆ ವಿಳಾಸವನ್ನೇ ಬ್ರೌಸರಿನಲ್ಲಿ ತೆರೆದು, ಮೊದಲು ಅದರ ಲ್ಯಾನ್ ಐಪಿ 192.168.1.2 ಮಾಡಿ, ಮತ್ತೆ ಲಾಗಿನ್ ಆಗಿ ಡಿಎಚ್‌ಸಿಪಿ ಆಫ್ ಮಾಡಿ. ಕೇಬಲ್ ಲ್ಯಾನ್‌ನಲ್ಲೇ ಇರಲಿ, ವ್ಯಾನ್ ಪೋರ್ಟ್ ಖಾಲಿ ಬಿಡಿ. ಮುಖ್ಯ ರೂಟರಿನ ಪೂಲ್ (ಹಂಚಲು ಇಟ್ಟ ಐಪಿಗಳ ಸಾಲು) 100ರಿಂದ 199 ಇದ್ದರೆ ನೂರೇ ಐಪಿ. ಒಬ್ಬೊಬ್ಬರಿಗೆ ಫೋನು, ಲ್ಯಾಪ್‌ಟಾಪ್, ಮೇಲೆ ಬಂದು ಹೋಗುವ ಸ್ನೇಹಿತರು. 20ರಿಂದ 250ರವರೆಗೆ ಹಿಗ್ಗಿಸಿ, ಲೀಸ್ (ಒಬ್ಬರಿಗೆ ಐಪಿ ಕೊಟ್ಟಿಡೋ ಅವಧಿ) 24 ಗಂಟೆ ಇದ್ದರೆ 2 ಗಂಟೆಗೆ ಇಳಿಸಿ.

ಪ್ರಶ್ನೆ ಕೇಳಿದವರು (ಪಾಂಡವಪುರ)

ಸಾರ್, ಹಳೆಯ ಕಂಪನಿಯದೇ ಒಂದು ಸಿಕ್ತು. ಎರಡೂ ಕಡೆ ಡಬ್ಲ್ಯುಡಿಎಸ್ ಟಿಕ್ ಹಾಕಿದೆ, ಪೈಪು 18 ಅಡಿ ಮಾಡಿಸಿದೆ. ಸಿಗ್ನಲ್ ಮೈನಸ್ 58. ಲ್ಯಾಪ್‌ಟಾಪಿಗೆ ತಕ್ಷಣ ಐಪಿ ಬಂತು, ಆರ್ಪ್ ಪಟ್ಟಿಯಲ್ಲಿ ಈಗ ಎಲ್ಲರದ್ದೂ ಬೇರೆ ಬೇರೆ ಮ್ಯಾಕ್. ಒಂದೇ ತಲೆನೋವು ಉಳಿದಿದೆ: ಕರೆಂಟ್ ಹೋಗಿ ಬಂದಾಗಲೆಲ್ಲ ಎನ್‌ವಿಆರ್ ಮತ್ತೆ 169.254ಕ್ಕೆ ಹೋಗುತ್ತೆ. ಅದನ್ನು ಕೈಯಾರೆ ಆಫ್ ಮಾಡಿ ಆನ್ ಮಾಡಿದರೆ ಸರಿ.

ಉತ್ತರ

ಮನೆ ಸಿಪಿಇ ಯಾವ ಚಾನೆಲ್‌ನಲ್ಲಿದೆ ನೋಡಿ. 52ರಿಂದ 64, ಅಥವಾ 100ರಿಂದ 144 ಇದ್ದರೆ ಅವು ರೇಡಾರ್ ಜೊತೆ ಹಂಚಿಕೊಳ್ಳುವ ಚಾನೆಲ್‌ಗಳು. ಆನ್ ಆದ ಮೇಲೆ ಕನಿಷ್ಠ 60 ಸೆಕೆಂಡ್ ರೇಡಾರ್ ಇದೆಯೇ ಅಂತ ಸುಮ್ಮನೆ ಆಲಿಸಿ, ಆಮೇಲಷ್ಟೇ ಸಿಗ್ನಲ್ ಬಿಡಬೇಕು. ಅಷ್ಟರಲ್ಲಿ ಎನ್‌ವಿಆರ್ ಎದ್ದಿರುತ್ತೆ. ಅದರ ಕೇಬಲ್ ಪಕ್ಕದ ಸ್ವಿಚ್ಚಿಗೆ ಇರೋದರಿಂದ ಲಿಂಕ್ ಇದೆ ಅಂತಲೇ ತಿಳಿದು ಐಪಿ ಕೇಳುತ್ತೆ, ಉತ್ತರವಿಲ್ಲ, ಕೈಬಿಡುತ್ತೆ. ಲ್ಯಾಪ್‌ಟಾಪ್ ಮತ್ತೆ ಮತ್ತೆ ಕೇಳುತ್ತೆ, ಕೆಲವು ಎನ್‌ವಿಆರ್‌ಗಳಿಗೆ ಆ ತಾಳ್ಮೆ ಇಲ್ಲ.

ಚಾನೆಲನ್ನು 149ರಿಂದ 161ರೊಳಗೆ ಕೈಯಾರೆ ನಿಲ್ಲಿಸಿ, ಆಟೋ ಬೇಡ. 5725ರಿಂದ 5875 ಮೆಗಾಹರ್ಟ್ಸ್‌ನ ಆ ಪಟ್ಟಿ 2018ರಿಂದ ನಮ್ಮಲ್ಲಿ ಹೊರಾಂಗಣಕ್ಕೂ ಲೈಸೆನ್ಸ್ ಬೇಡದ್ದು, ಶಕ್ತಿಯ ಮಿತಿಯೊಳಗೆ ಇದ್ದರೆ ಆಯ್ತು. ಸಿಪಿಇಯಲ್ಲಿ ದೇಶ ಇಂಡಿಯಾ ಅಂತಲೇ ಇರಲಿ.

ಎನ್‌ವಿಆರ್‌ಗೆ ಡಿಎಚ್‌ಸಿಪಿ ಬಿಟ್ಟು ಕಾಯಂ ಐಪಿ ಕೊಡಿ. ಅದಕ್ಕೂ ಮೊದಲು ಫೈಬರ್ ಬಾಕ್ಸಿನ ಪೂಲನ್ನು 50ರಿಂದ 199ಕ್ಕೆ ಕಿರಿದು ಮಾಡಿ, ಇಲ್ಲದಿದ್ದರೆ ಅದೇ ಐಪಿಯನ್ನು ಬಾಕ್ಸು ನಾಳೆ ಯಾರದೋ ಮೊಬೈಲಿಗೆ ಕೊಡುತ್ತೆ. ಐಪಿಯ ಕೊನೆಯ ಸಂಖ್ಯೆ ಹೀಗಿರಲಿ: ಮನೆ ಸಿಪಿಇ 201, ಆಲೆಮನೆಯದು 202, ಎನ್‌ವಿಆರ್ 210. ಗೇಟ್‌ವೇ ಮತ್ತು ಡಿಎನ್‌ಎಸ್ (ವೆಬ್ ಹೆಸರಿಗೆ ಐಪಿ ಹುಡುಕಿ ಕೊಡೋದು) ಎರಡೂ 192.168.1.1. ಡಿಎನ್‌ಎಸ್ ಖಾಲಿ ಬಿಟ್ಟರೆ ಮನೆಯಲ್ಲಿ ಚಿತ್ರ ಕಾಣುತ್ತೆ, ಮೊಬೈಲ್ ಆ್ಯಪ್‌ನಲ್ಲಿ ಆಫ್‌ಲೈನ್ ಅನ್ನುತ್ತೆ.