ಸಹಾಯ ಬೇಕು: ಸ್ಲೊವೇನಿಯಾದಲ್ಲಿ ಬಾಡಿಗೆ ಕಾರೋ, ಬಸ್ಸೋ?

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೆಗೆ ಅಪ್ಪ-ಅಮ್ಮನ ಜೊತೆ ಹೊರಟಿದ್ದೇವೆ. ಷೆಂಗೆನ್ ವೀಸಾ, 30,000 ಯೂರೊ ವಿಮೆ ಎಲ್ಲ ಆಗಿದೆ.

ಬ್ಲೆಡ್ ಸರೋವರಕ್ಕೆ ರಾಜಧಾನಿ ಲ್ಯುಬ್ಲ್ಯಾನಾದಿಂದ ಬಸ್ಸೇ ವಾಸಿ; ರೈಲಾದರೆ ಲೆಸ್ತ್ಸೆ-ಬ್ಲೆಡ್ ನಿಲ್ದಾಣದಲ್ಲಿ ಇಳಿದು ಸರೋವರಕ್ಕೆ ಇನ್ನೂ ಸುಮಾರು 4 ಕಿ.ಮೀ. ಪೊಸ್ಟೊಯ್ನಾ ಗುಹೆಯೊಳಗೆ ವರ್ಷವಿಡೀ ಸುಮಾರು 10 ಡಿಗ್ರಿ, ಹಾಗಾಗಿ ಸ್ವೆಟರ್ ಇಟ್ಟುಕೊಂಡಿದ್ದೇವೆ. ಆದರೆ ಗುಹೆಯೊಳಗಿನ ಪುಟ್ಟ ರೈಲು ಇಳಿದ ಮೇಲೆ ಒಂದೂವರೆ ಕಿ.ಮೀ. ನಡಿಗೆಯಂತೆ. ಮಂಡಿನೋವಿನ ಅಪ್ಪನಿಗೆ ಆ ಏರಿಳಿತ ಆಗುತ್ತದೆಯೇ? ಹೋಗಿಬಂದವರು ಹೇಳಿ.

ಕಾರು ಬೇಕೆನಿಸುವುದು ವ್ರ್ಶಿಚ್ ಘಾಟಿಗೆ ಮಾತ್ರ: 1,611 ಮೀಟರ್ ಎತ್ತರ, 50 ಕಡಿದಾದ ತಿರುವು. (ಅಮ್ಮನಿಗೆ ಆಗುಂಬೆಯೇ ಜಾಸ್ತಿ!) ಇಟಲಿಯ ಟ್ರಿಯೆಸ್ಟೆಯಲ್ಲಿ ಕಾರು ತೆಗೆದುಕೊಂಡರೆ ಗಡಿ ದಾಟಲು ಬೇರೆ ಶುಲ್ಕ ಕೇಳುತ್ತಾರೆಯೇ? ಹೆದ್ದಾರಿಯ ಇ-ವಿನ್ಯೆಟ್ (ಡಿಜಿಟಲ್ ಟೋಲ್ ಪಾಸ್) ಕಾರಿನ ನಂಬರಿಗೇ ಸೇರಿಕೊಳ್ಳುವುದರಿಂದ, ಕಾರು ಕೈಗೆ ಬಂದ ಮೇಲೆಯೇ ಕೊಳ್ಳಬೇಕಲ್ಲವೇ?